ಡೈರಿಯಿಂದ ಬಂದ ಮೆಸೇಜು: ಬೇಲೂರು ತಾಲೂಕಿನ ಒಂದು ಸ್ಟ್ರೋಕ್ ಪ್ರಕರಣ

ರೋಗಿ 62 ವರ್ಷದ ರೈತ ಮಹಿಳೆ. ಊರು ಬೇಲೂರು ತಾಲೂಕಿನ ಒಂದು ಹಳ್ಳಿ, ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಮನೆಯಲ್ಲಿ ಗಂಡ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಸ್ವಲ್ಪ ಕಾಫಿ ತೋಟ, ಅದರಲ್ಲೇ ಮೆಣಸು, ಎರಡು ಸೀಮೆ ಹಸು. ಐದಾರು ವರ್ಷದಿಂದ ಬಿಪಿ ಇದೆ. ಮೊದಲು ಮಾತ್ರೆ ತಗೊಳ್ಳುತ್ತಿದ್ದರು. ಒಂದು ಸಲ ತೋರಿಸಿದಾಗ ಬಿಪಿ ನಾರ್ಮಲ್ ಇದೆ ಅಂದರಂತೆ, ಅವತ್ತಿಂದ ಮಾತ್ರೆ ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ. ಗುರುತು ಸಿಗಬಾರದು ಅಂತ ಊರಿನ ಹೆಸರು, ಆಸ್ಪತ್ರೆಗಳ ಹೆಸರು ಹಾಕಿಲ್ಲ.

ಸ್ಟ್ರೋಕ್ ಬಗ್ಗೆ ಮಾತಾಡುವಾಗ ಎಲ್ಲರೂ ದೊಡ್ಡ ಯಂತ್ರಗಳ ಬಗ್ಗೆ, ದುಬಾರಿ ಇಂಜೆಕ್ಷನ್ ಬಗ್ಗೆ ಕೇಳುತ್ತಾರೆ. ಅವೂ ಈ ಪ್ರಕರಣದಲ್ಲಿ ಬರುತ್ತವೆ. ಆದರೆ ಈ ಹೆಂಗಸಿಗೆ ಯಾವ ಚಿಕಿತ್ಸೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಇವರು ಚೆನ್ನಾಗಿದ್ದದ್ದನ್ನು ಕೊನೆಯದಾಗಿ ಯಾರು, ಎಷ್ಟು ಗಂಟೆಗೆ ನೋಡಿದರು? ಆ ಉತ್ತರ ಹೇಗೆ ಸಿಕ್ಕಿತು ಅನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ

ಬೆಳಿಗ್ಗೆ 7:50ಕ್ಕೆ ಸೊಸೆ ಮಗುವನ್ನು ಶಾಲೆ ವ್ಯಾನಿಗೆ ಹತ್ತಿಸಿ ವಾಪಸ್ ಬಂದಳು. ಅತ್ತೆ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದರು. ಹುಲ್ಲಿನ ಹೊರೆ ಪಕ್ಕದಲ್ಲೇ ಬಿದ್ದಿತ್ತು. ಕರೆದರೆ ತಿರುಗಿ ನೋಡಿದರು, ಮಾತು ಹೊರಡಲಿಲ್ಲ. ಬಾಯಿ ಎಡಕ್ಕೆ ಎಳೆದಿತ್ತು. ಬಲಗೈ ಎತ್ತಿ ಬಿಟ್ಟರೆ ತೊಪ್ಪನೆ ಬೀಳುತ್ತಿತ್ತು.

ಸೊಸೆ ಕೂಗಿಕೊಂಡಳು. ಅಕ್ಕಪಕ್ಕದವರು ಓಡಿಬಂದರು. ಒಬ್ಬರು ಗಾಳಿ ಹೊಡೆದಿದೆ ಅಂದರು. ಇನ್ನೊಬ್ಬರು ಲಕ್ವ, ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋಗೋಣ, ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತೆ ಅಂದರು. ವಾಟ್ಸಾಪಿನಲ್ಲಿ ನೋಡಿದ್ದೆ ಅಂತ ಒಬ್ಬ ಹುಡುಗ ಬೆರಳ ತುದಿಗೆ ಸೂಜಿ ಚುಚ್ಚಲು ಹೊರಟ. ಯಾರೋ ಕೈಕಾಲಿಗೆ ಎಣ್ಣೆ ತಿಕ್ಕಿದರು. ಇನ್ಯಾರೋ ಬಿಸಿ ಕಾಫಿ ತಂದು ಬಾಯಿಗೆ ಹಾಕಿದರು. ಎರಡು ಗುಟುಕಿಗೇ ನೆತ್ತಿಗೆ ಹತ್ತಿ ಕೆಮ್ಮಿದರು.

ಇವರೆಲ್ಲ ಪ್ರೀತಿಯಿಂದ ಬಂದವರು, ಕೈಲಾದದ್ದು ಮಾಡಿದವರು. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಆ ಎರಡು ಗುಟುಕು ಕಾಫಿ ಮೂರು ದಿನ ಆದಮೇಲೆ ಹೇಗೆ ತಿರುಗಿ ಬಂತು ಅಂತ ಮುಂದೆ ಹೇಳುತ್ತೇನೆ.

8:12ಕ್ಕೆ ಊರಿನ ಆಶಾ ಕಾರ್ಯಕರ್ತೆ ಬಂದರು. ಅವರು ಮಾಡಿದ್ದು ಮೂರೇ ಕೆಲಸ. ಹಲ್ಲು ತೋರಿಸಿ ಅಂದರು, ಬಾಯಿ ಒಂದೇ ಕಡೆ ಅಗಲವಾಯಿತು. ಎರಡೂ ಕೈ ಮುಂದಕ್ಕೆ ಚಾಚಿ ಅಂತ ಮಾಡಿ ತೋರಿಸಿದರು, ಬಲಗೈ ಏಳಲಿಲ್ಲ. ಹೆಸರು ಕೇಳಿದರು, ಬರೀ ಸದ್ದು ಬಂತು. ಈ ಮೂರರಲ್ಲಿ ಒಂದು ಇದ್ದಕ್ಕಿದ್ದ ಹಾಗೆ ಕೆಟ್ಟರೂ ಸ್ಟ್ರೋಕ್ ಅಂತಲೇ ಓಡಬೇಕು. ಇಲ್ಲಿ ಮೂರೂ ಕೆಟ್ಟಿದ್ದವು. "ಇದು ಸ್ಟ್ರೋಕು. ಬಾಯಿಗೆ ಏನೂ ಹಾಕಬೇಡಿ. ಸಿಟಿ ಸ್ಕ್ಯಾನ್ ಇರೋ ಕಡೆಗೇ ಸೀದಾ ಹೋಗಬೇಕು" ಅಂತ ಹೇಳಿ ತಾವೇ 108ಕ್ಕೆ ಫೋನ್ ಮಾಡಿದರು. 8:35ಕ್ಕೆ ಆಂಬುಲೆನ್ಸ್ ಬಂತು.

ಆಂಬುಲೆನ್ಸ್ ಸಿಬ್ಬಂದಿ ಬೆರಳಿನ ರಕ್ತದಲ್ಲಿ ಸಕ್ಕರೆ ನೋಡಿದರು, 142 ಇತ್ತು. ಇದು ಮುಖ್ಯ. ಸಕ್ಕರೆ ತೀರಾ ಇಳಿದರೂ ಕೈಕಾಲು ಬಿದ್ದುಹೋಗಿ, ಮಾತು ತೊದಲಿ, ಥೇಟ್ ಸ್ಟ್ರೋಕ್ ಹಾಗೇ ಕಾಣುತ್ತದೆ. ಗ್ಲೂಕೋಸ್ ಕೊಟ್ಟರೆ ಅದು ಸರಿಹೋಗುತ್ತದೆ. ಆಮೇಲೆ ದಾರಿಯಿಂದಲೇ ಹಾಸನಕ್ಕೆ, ನಮ್ಮ ತುರ್ತು ವಿಭಾಗಕ್ಕೆ ಫೋನ್ ಮಾಡಿದರು. ಗಂಡ ಹೇಳಿದ್ದನ್ನೇ ತಿಳಿಸಿದರು: "ರಾತ್ರಿ ಒಂಬತ್ತೂವರೆಗೆ ಮಲಗುವಾಗ ಚೆನ್ನಾಗಿದ್ದರಂತೆ. ಬೆಳಿಗ್ಗೆ ಹೀಗೆ ಸಿಕ್ಕಿದ್ದಾರೆ."

ಸಮಯದ ಲೆಕ್ಕ

9:30ಕ್ಕೆ ಆಂಬುಲೆನ್ಸ್ ನಮ್ಮ ಬಾಗಿಲಿಗೆ ಬಂತು. ರಾತ್ರಿ 9:30ರಿಂದ ಲೆಕ್ಕ ಹಾಕಿದರೆ ಸರಿಯಾಗಿ 12 ಗಂಟೆ.

ಸ್ಟ್ರೋಕ್‌ಗಳಲ್ಲಿ ಹೆಚ್ಚಿನವು ಮೆದುಳಿನ ರಕ್ತನಾಳ ಕಟ್ಟಿಕೊಂಡು ಆಗುವಂಥವು. ಉಳಿದವು ನಾಳ ಒಡೆದು ರಕ್ತಸ್ರಾವ ಆಗುವಂಥವು. ಕಟ್ಟಿಕೊಂಡಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. 1995ರಲ್ಲಿ ಅಮೆರಿಕದ ಒಂದು ಅಧ್ಯಯನ, ಮೂರು ಗಂಟೆಯ ಒಳಗೆ ಕೊಟ್ಟರೆ ಇದು ಕೆಲಸ ಮಾಡುತ್ತದೆ ಅಂತ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಈ ಗಡುವು ಸುಮ್ನೆ ಹಾಕಿದ್ದಲ್ಲ. ಕಾಲುವೆ ಕಟ್ಟಿಕೊಂಡ ಗದ್ದೆಯಲ್ಲಿ ಒಂದಷ್ಟು ಪೈರು ಬೇಗ ಒಣಗುತ್ತದೆ, ಸುತ್ತಲಿನದು ಬಾಡಿ ನಿಂತಿರುತ್ತದೆ. ನೀರು ಬೇಗ ಬಂದರೆ ಬಾಡಿದ್ದು ಉಳಿಯುತ್ತದೆ. ಮೆದುಳಿನಲ್ಲೂ ಹಾಗೇ. ದೊಡ್ಡ ನಾಳ ಕಟ್ಟಿಕೊಂಡ ಸ್ಟ್ರೋಕಿನಲ್ಲಿ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವುದು 2006ರ ಒಂದು ಲೆಕ್ಕಾಚಾರ. ತಡವಾದಷ್ಟೂ ಉಳಿಸಬಹುದಾದ ಭಾಗ ಕಮ್ಮಿ ಆಗುತ್ತದೆ, ಇಂಜೆಕ್ಷನ್‌ನಿಂದ ರಕ್ತಸ್ರಾವ ಆಗುವ ಭಯ ಜಾಸ್ತಿ ಆಗುತ್ತದೆ.

ಸ್ಟ್ರೋಕ್ ಶುರುವಾದ ಕ್ಷಣವನ್ನು ಯಾರೂ ನೋಡಿಲ್ಲ ಅಂದರೆ, ರೋಗಿ ಚೆನ್ನಾಗಿದ್ದುದನ್ನು ಕೊನೆಯದಾಗಿ ನೋಡಿದ ಸಮಯದಿಂದ ಲೆಕ್ಕ ಹಿಡಿಯಬೇಕು. ಕಂಡುಹಿಡಿದ ಸಮಯದಿಂದ ಹಿಡಿಯುವ ಹಾಗಿಲ್ಲ. ಆದ್ದರಿಂದ "ರಾತ್ರಿ 9:30" ಅನ್ನುವ ಒಂದು ಮಾತಿನಿಂದ ಇಂಜೆಕ್ಷನ್ನಿನ ಬಾಗಿಲು ಮುಚ್ಚಿತ್ತು. ನಿದ್ದೆಯಲ್ಲೇ ಸ್ಟ್ರೋಕ್ ಆದವರಿಗೆ ಎಂಆರ್‌ಐ ಮಾಡಿ, ಹಾನಿ ಹೊಸದೋ ಹಳೆಯದೋ ನೋಡಿ ಕೊಡುವ ದಾರಿ 2018ರಿಂದ ಇದೆ. ಆದರೆ ಎಂಆರ್‌ಐಗೆ ಸಮಯ ಹಿಡಿಯುತ್ತದೆ, ಎಲ್ಲರಿಗೂ ಆ ದಾರಿ ಒದಗುವುದೂ ಇಲ್ಲ.

ಬಂದ ತಕ್ಷಣ ಪರೀಕ್ಷೆ ಮಾಡಿದೆವು. ಸ್ಟ್ರೋಕಿನ ತೀವ್ರತೆ ಅಳೆಯಲು 0ಯಿಂದ 42ರವರೆಗೆ ಅಂಕ ಕೊಡುವ ಒಂದು ಪದ್ಧತಿ ಇದೆ. ಇವರದ್ದು 15 ಬಂತು. ಬಲಭಾಗ ಬಿದ್ದಿತ್ತು, ಮಾತು ಹೋಗಿತ್ತು, ಕಣ್ಣು ಎಡಕ್ಕೇ ತಿರುಗಿ ನಿಂತಿದ್ದವು. ಎಡ ಮೆದುಳಿನ ದೊಡ್ಡ ನಾಳವೇ ಕಟ್ಟಿರಬೇಕು ಅಂತ ಇಷ್ಟರಲ್ಲೇ ಅನುಮಾನ ಬರುತ್ತದೆ. ನಾಡಿ ಏರುಪೇರಾಗಿತ್ತು. ಬಿಪಿ 204/110.

ಈ ಬಿಪಿ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಆದರೂ ಆಗ ಇಳಿಸಲಿಲ್ಲ, ಇಳಿಸಬಾರದು ಕೂಡ. ನಾಳ ಕಟ್ಟಿಕೊಂಡಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಅಷ್ಟಿಷ್ಟು ರಕ್ತ ಹೋಗುತ್ತಿರುವುದು ಈ ಒತ್ತಡದಿಂದಲೇ. ಇಂಜೆಕ್ಷನ್ ಕೊಡುವುದಿಲ್ಲ ಅಂತಾದರೆ 220/120ರವರೆಗೂ ಸಾಮಾನ್ಯವಾಗಿ ಬಿಡುತ್ತೇವೆ. ನಾಲಿಗೆ ಕೆಳಗೆ ಮಾತ್ರೆ ಇಟ್ಟು ಬಿಪಿಯನ್ನು ದಿಢೀರನೆ ಕೆಡವುವ ಹಳೇ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಸ್ಟ್ರೋಕಿನಲ್ಲಿ ಅದು ಉಳಿಯಬಹುದಾಗಿದ್ದ ಭಾಗವನ್ನೂ ಕೊಲ್ಲುತ್ತದೆ.

9:43ಕ್ಕೆ ರೋಗಿಯನ್ನು ಸಿಟಿ ಕೋಣೆಗೆ ತಳ್ಳಿಕೊಂಡು ಹೋದೆವು. ಹೊರಗೆ ಬೆಂಚಿನ ಮೇಲೆ ಗಂಡ, ಮಗ ಕೂತಿದ್ದರು. ನಮ್ಮ ತುರ್ತು ವಿಭಾಗದ ಸಿಸ್ಟರ್ ಅರಕಲಗೂಡು ಕಡೆಯ ರೈತರ ಮನೆಯವರು. ರೋಗಿಯ ಸೆರಗಿಗೆ ಹಾಲಿನ ವಾಸನೆ ಇತ್ತಂತೆ. ಅವರು ಹೋಗಿ ಕೇಳಿದರು:

"ಯಜಮಾನ್ರೇ, ಬೆಳಿಗ್ಗೆ ಹಸು ಕರೆದೋರು ಯಾರು?"

"ಇವಳೇ ಅಲ್ವಾ ಸಿಸ್ಟರ್, ದಿನಾ ಇವಳೇ ಕರೆಯೋದು. ನಾನು ಎದ್ದಿರಲಿಲ್ಲ."

"ಡೈರಿಗೆ ಹಾಲು ಹಾಕಿದ್ದು?"

ಗಂಡ ಮಗನ ಮುಖ ನೋಡಿದರು. ಮಗ ಫೋನ್ ತೆಗೆದ. ಹಾಲಿನ ಲೆಕ್ಕದ ಮೆಸೇಜ್ ಅವನ ನಂಬರಿಗೇ ಬರುತ್ತದೆ. ಅವತ್ತಿನ ಬೆಳಗಿನ ಹಾಲು, ಲೀಟರ್, ಫ್ಯಾಟ್, ದುಡ್ಡು, ಎಲ್ಲಾ ಇತ್ತು. ಮೆಸೇಜ್ ಬಂದ ಸಮಯ 6:42.

ಮೆಸೇಜ್ ಬಂತು ಅಂದ ಮಾತ್ರಕ್ಕೆ ಸಾಲದು. ಹಾಲು ಹಾಕಿದವರು ಬೇರೆಯವರೂ ಆಗಿರಬಹುದು. ಅಥವಾ ಆಗಲೇ ಕೈ ಎಳೆಯುತ್ತಿದ್ದಿರಬಹುದು. ಸಿಸ್ಟರ್ ಅಲ್ಲಿಂದಲೇ ಡೈರಿ ಸೆಕ್ರೆಟರಿಗೆ ಫೋನ್ ಹಚ್ಚಿಸಿದರು. ಅವರು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಹಾಗೇ ಬರೆದಿದ್ದೇವೆ: "ಅಮ್ಮ ಚೆನ್ನಾಗಿದ್ರು ಮೇಡಂ. ಕ್ಯಾನ್ ಅವರೇ ಎತ್ತಿಕೊಟ್ರು. ಫ್ಯಾಟ್ ಕಮ್ಮಿ ಬಂತು ಅಂತ ನನ್ನ ಹತ್ರ ಜಗಳಾನೂ ಆಡಿದ್ರು."

ಇದಕ್ಕಿಂತ ಒಳ್ಳೆ ಸಾಕ್ಷಿ ಯಾವ ಡಾಕ್ಟರಿಗೂ ಸಿಗುವುದಿಲ್ಲ. ಕ್ಯಾನ್ ಎತ್ತಿದರು, ಅಂದರೆ ಕೈಯಲ್ಲಿ ಶಕ್ತಿ ಇತ್ತು. ನಡೆದು ಬಂದರು, ಅಂದರೆ ಕಾಲು ಸರಿ ಇತ್ತು. ಫ್ಯಾಟಿನ ಲೆಕ್ಕಕ್ಕೆ ಜಗಳ ಆಡಿದರು, ಅಂದರೆ ಮಾತೂ ಇತ್ತು, ಬುದ್ಧಿಯೂ ಚುರುಕಾಗಿತ್ತು. ಕೊನೆಯದಾಗಿ ಚೆನ್ನಾಗಿದ್ದ ಸಮಯ ಬೆಳಿಗ್ಗೆ 6:42. ಗಡುವು ಮುಗಿಯುವುದು 11:12ಕ್ಕೆ. ಆಗ ಗಂಟೆ 9:51.

ಬಾಗಿಲು ತೆರೆದ ಮೇಲೆ

ಆ ಒಂದು ಸಮಯ ಬದಲಾದ ಕೂಡಲೇ ಮಾಡಬೇಕಾದ ಕೆಲಸವೆಲ್ಲ ಬದಲಾಯಿತು. ಹತ್ತು ನಿಮಿಷದ ಹಿಂದೆ ಮುಟ್ಟಬಾರದು ಅಂದಿದ್ದ ಬಿಪಿಯನ್ನು ಈಗ ಇಳಿಸಲೇಬೇಕು. ಇಂಜೆಕ್ಷನ್ ಕೊಡಬೇಕಾದರೆ 185/110ಕ್ಕಿಂತ ಕೆಳಗಿರಬೇಕು, ಕೊಟ್ಟ ಮೇಲೆ ಒಂದು ದಿನ 180/105ರ ಒಳಗೇ ಹಿಡಿಯಬೇಕು. ಮೀರಿದರೆ ತಲೆಯೊಳಗೆ ರಕ್ತಸ್ರಾವದ ಅಪಾಯ. 9:53ಕ್ಕೆ ಲೆಬೆಟಲಾಲ್ 10 ಮಿಲಿಗ್ರಾಂ ನರಕ್ಕೆ ನಿಧಾನವಾಗಿ ಕೊಟ್ಟೆವು. 10:03ಕ್ಕೆ ಇನ್ನೊಂದು ಸಲ. 10:11ಕ್ಕೆ ಬಿಪಿ 178/96.

ಅಷ್ಟರಲ್ಲಿ ಸಿಟಿ ಬಂದಿತ್ತು. ರಕ್ತಸ್ರಾವ ಇಲ್ಲ. ಉಳಿದಂತೆ ಹೆಚ್ಚುಕಮ್ಮಿ ನಾರ್ಮಲ್ ಅಂತಲೇ ಕಾಣುತ್ತಿತ್ತು. ಮನೆಯವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. "ಸ್ಕ್ಯಾನಿಂಗ್ ನಾರ್ಮಲ್ ಅಂತೀರಾ, ಮತ್ತೆ ಇಂಜೆಕ್ಷನ್ ಯಾಕೆ?" ಅಂತ ಮಗನೂ ಕೇಳಿದ. ರಕ್ತ ಒಸರಿದ್ದರೆ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತ ಸಿಗದೆ ಸಾಯುತ್ತಿರುವ ಮೆದುಳು ಮೊದಲ ಕೆಲವು ಗಂಟೆ ಸರಿಯಾಗಿ ಕಾಣುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಇದು ಒಳ್ಳೆ ಸುದ್ದಿ. ಕಾಣದಿದ್ದರೆ ಇನ್ನೂ ಉಳಿದಿದೆ ಅಂತ ಆಸೆ ಇಟ್ಟುಕೊಳ್ಳಬಹುದು.

ಸಿಟಿಯಲ್ಲಿ ರಕ್ತಸ್ರಾವ ಕಂಡಿದ್ದರೆ ದಾರಿಯೇ ಬೇರೆ. ಆಗ ಬಿಪಿಯನ್ನು 140ರ ಆಸುಪಾಸಿಗೆ ಬೇಗ ಇಳಿಸಬೇಕು, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಅದರ ಪರಿಣಾಮ ತೆಗೆಯಬೇಕು, ನರಶಸ್ತ್ರತಜ್ಞರನ್ನು ಕರೆಯಬೇಕು. ಗಡ್ಡೆ ಕರಗಿಸುವ ಇಂಜೆಕ್ಷನ್ ಅಂಥವರಿಗೆ ವಿಷವೇ ಸರಿ. ಹೊರಗಿನಿಂದ ನೋಡಿದರೆ ಈ ಎರಡು ಸ್ಟ್ರೋಕ್‌ಗಳ ವ್ಯತ್ಯಾಸ ಎಂಥ ಅನುಭವಿ ಡಾಕ್ಟರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ಮನೆಯಲ್ಲೇ ಒಂದು ಆಸ್ಪಿರಿನ್ ಕೊಟ್ಟು ಕರೆತರಬೇಡಿ ಅನ್ನುವುದೂ ಇದಕ್ಕೇ.

ಇಲ್ಲಿ ನಮ್ಮ ಜಿಲ್ಲೆಯವರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಜನ ಹೆದರಿ ಹೃದಯ ಪರೀಕ್ಷೆಗೆ ಮುಗಿಬಿದ್ದರು. ಆಮೇಲಿಂದ ಎದೆನೋವು ಅಂದರೆ ಯಾರೂ ತಡ ಮಾಡುವುದಿಲ್ಲ, ಅದು ಒಳ್ಳೆಯದೇ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕೆ ಗಡ್ಡೆ ಕರಗಿಸುವ ಇಂಜೆಕ್ಷನ್ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ ಅಂತಲೂ ಗೊತ್ತಾಗಿದೆ. "ಅದೇ ಇಂಜೆಕ್ಷನ್ ಅಲ್ವಾ ಸಾರ್, ತಾಲೂಕಿನಲ್ಲೇ ಹಾಕಿಬಿಡಬಹುದಿತ್ತಲ್ಲ?" ಅಂತ ಈ ಮಗನೂ ಕೇಳಿದ. ಔಷಧಿ ಅದೇ, ಟೆನೆಕ್ಟೆಪ್ಲೇಸ್. ಆದರೆ ಹೃದಯಕ್ಕೆ ಕೊಡುವ ಪ್ರಮಾಣ ಸ್ಟ್ರೋಕಿನದ್ದರ ಸುಮಾರು ಎರಡು ಪಟ್ಟು. ಹೃದಯಾಘಾತ ಇಸಿಜಿಯಲ್ಲಿ ಗೊತ್ತಾಗುತ್ತದೆ, ಇಸಿಜಿ ಯಂತ್ರ ಎಲ್ಲಾ ಕಡೆ ಇದೆ. ಸ್ಟ್ರೋಕಿನಲ್ಲಿ ಸಿಟಿ ಮಾಡದೆ ಈ ಇಂಜೆಕ್ಷನ್ ಮುಟ್ಟುವ ಹಾಗೇ ಇಲ್ಲ. ಸಿಟಿ ಇರುವ ಕಡೆಗೇ ಸೀದಾ ಹೋಗಿ ಅಂತ ಆಶಾ ಕಾರ್ಯಕರ್ತೆ ಹೇಳಿದ ಮಾತಿನ ಬೆಲೆ ಇಷ್ಟು.

ಸಿಟಿ ಜೊತೆಗೇ ನಾಳಗಳು ಎದ್ದು ಕಾಣುವಂಥ ದ್ರವ ಹಾಕಿ ಅವುಗಳ ಚಿತ್ರವನ್ನೂ ತೆಗೆದಿದ್ದೆವು. ಅನುಮಾನ ನಿಜವಾಗಿತ್ತು. ಎಡ ಮೆದುಳಿಗೆ ರಕ್ತ ಕೊಡುವ ಮುಖ್ಯ ನಾಳ ಬುಡದಲ್ಲೇ ಕಟ್ಟಿಕೊಂಡಿತ್ತು. ಇಷ್ಟು ದೊಡ್ಡ ಗಡ್ಡೆ ಇಂಜೆಕ್ಷನ್ ಒಂದರಿಂದಲೇ ಕರಗುವುದು ಕಮ್ಮಿ. ತೊಡೆಯ ಸಂದಿಯ ನಾಳದಿಂದ ತೆಳು ಕೊಳವೆ ಹಾಯಿಸಿ, ಮೆದುಳಿನವರೆಗೆ ಹೋಗಿ ಗಡ್ಡೆಯನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿ ಬೇಕಾಗುತ್ತದೆ. ನಮ್ಮಲ್ಲಿ ಅದು ಇರಲಿಲ್ಲ. ಹಾಗಂತ ಇಂಜೆಕ್ಷನ್ ಬಿಟ್ಟು ಓಡಿಸುವ ಹಾಗೂ ಇಲ್ಲ. ಮೊದಲು ಇಂಜೆಕ್ಷನ್, ಆಮೇಲೆ ಆಂಬುಲೆನ್ಸ್.

ಒಪ್ಪಿಗೆ

ಗಂಡನನ್ನೂ ಮಗನನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದೆ. ಈ ಇಂಜೆಕ್ಷನ್‌ನಿಂದ ಕೆಲವರಿಗೆ ತಲೆಯೊಳಗೆ ರಕ್ತಸ್ರಾವ ಆಗುತ್ತದೆ. 1995ರ ಅಧ್ಯಯನದಲ್ಲಿ ಇದೇ ಬಗೆಯ ಹಳೆಯ ಔಷಧಿ ಪಡೆದವರಲ್ಲಿ ಶೇ. 6.4 ಜನರಿಗೆ ಹಾಗಾಯಿತು, ಪಡೆಯದವರಲ್ಲಿ ಶೇ. 0.6. ಪ್ರಾಣವೂ ಹೋಗಬಹುದು. ಆದರೆ ಮೂರು ತಿಂಗಳ ಮೇಲೆ ನೋಡಿದಾಗ ಔಷಧಿ ಪಡೆದ ಗುಂಪಿನಲ್ಲಿ ಸಾವು ಹೆಚ್ಚಾಗಿರಲಿಲ್ಲ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಮಟ್ಟಕ್ಕೆ ಬಂದವರು ಮಾತ್ರ ಆ ಗುಂಪಿನಲ್ಲೇ ಜಾಸ್ತಿ ಇದ್ದರು. ಕೊಡದೆ ಬಿಟ್ಟರೆ ಇವರು ಹಾಸಿಗೆ ಹಿಡಿಯುವ ಸಾಧ್ಯತೆಯೇ ಹೆಚ್ಚು.

ಮಗ ಬೆಂಗಳೂರಿನಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದ. "ನಾನು ಹೊರಟಿದ್ದೀನಿ, ಬರೋವರೆಗೂ ಏನೂ ಮಾಡಿಸಬೇಡಿ" ಅಂದರು ಅವರು. ಬೆಂಗಳೂರಿನಿಂದ ಹಾಸನಕ್ಕೆ 185 ಕಿಲೋಮೀಟರ್. ಅವರು ಬರುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ.

ಇಂಥ ಫೋನ್ ಎಲ್ಲಾ ಮನೆಗೂ ಬರುತ್ತದೆ. ತಂಗಿಯ ಮೇಲಿನ ಪ್ರೀತಿಗೇ ಬರುತ್ತದೆ. ಅದಕ್ಕೇ ಅದನ್ನು ಮೀರುವುದು ಕಷ್ಟ. ನಾನು ಫೋನ್ ಇಸಿದುಕೊಂಡು ಅವರ ಜೊತೆ ಮಾತಾಡಿದೆ. ಗಡುವು 11:12ಕ್ಕೆ ಮುಗಿಯುತ್ತದೆ ಅಂತ ಅಷ್ಟೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಭಾವನಿಗೆ ಕೊಡಿ" ಅಂದರು. ಗಂಡ ಫೋನ್ ಕಿವಿಗೆ ಇಟ್ಟುಕೊಂಡೇ ಸಹಿ ಹಾಕಿದರು.

10:17ಕ್ಕೆ ಟೆನೆಕ್ಟೆಪ್ಲೇಸ್ ಕೊಟ್ಟೆವು. ತೂಕ 58 ಕಿಲೋ. ಕಿಲೋಗೆ 0.25 ಮಿಲಿಗ್ರಾಂ ಲೆಕ್ಕದಲ್ಲಿ 14.5 ಮಿಲಿಗ್ರಾಂ, ಒಂದೇ ಸಲಕ್ಕೆ. ಹಳೆಯ ಔಷಧಿ ಆಲ್ಟೆಪ್ಲೇಸ್ ಆಗಿದ್ದರೆ ಹತ್ತನೇ ಒಂದು ಭಾಗ ಮೊದಲು ಕೊಟ್ಟು, ಉಳಿದದ್ದನ್ನು ಒಂದು ಗಂಟೆ ಡ್ರಿಪ್ಪಿನಲ್ಲಿ ಹರಿಸಬೇಕು. ರೋಗಿಯನ್ನು ಬೇರೆ ಊರಿಗೆ ಕಳಿಸುವಾಗ ಒಂದೇ ಸಲ ಮುಗಿಯುವ ಔಷಧಿ ಎಷ್ಟು ಅನುಕೂಲ ಅಂತ ಆಂಬುಲೆನ್ಸಿನಲ್ಲಿ ಪಂಪ್ ಹಿಡಿದು ಕೂತವರಿಗೆ ಗೊತ್ತು. ಕೊಡುವ ಮುಂಚೆ ತಲೆಗೆ ಪೆಟ್ಟು ಬಿದ್ದಿತ್ತಾ, ಮೂರು ತಿಂಗಳಲ್ಲಿ ಸ್ಟ್ರೋಕ್ ಆಗಿತ್ತಾ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ ಅಂತ ಕೇಳಿ ಮುಗಿಸಿದ್ದೆವು. ಉಳಿದ ರಕ್ತ ಪರೀಕ್ಷೆಗಳ ವರದಿಗೆ ಕಾಯಲಿಲ್ಲ. ಅನುಮಾನ ಪಡಲು ಕಾರಣ ಇಲ್ಲದಿದ್ದರೆ ಸಕ್ಕರೆ ಒಂದು ಗೊತ್ತಿದ್ದರೆ ಸಾಕು.

ಮೈಸೂರಿಗೆ

ಥ್ರಾಂಬೆಕ್ಟಮಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತಜ್ಞರು ಸಿದ್ಧ ಇದ್ದರು, ಕೊಳವೆ ಹಾಯಿಸುವ ಕೋಣೆ ಕ್ಯಾಥ್ ಲ್ಯಾಬೂ ಸಿದ್ಧ ಇತ್ತು. 10:50ಕ್ಕೆ ಹೊರಟರು. ಹೊಳೆನರಸೀಪುರ, ಕೆ.ಆರ್. ನಗರ ದಾಟಿ 13:10ಕ್ಕೆ ಮುಟ್ಟಿದರು. ನಮ್ಮ ಸಿಸ್ಟರ್ ಒಬ್ಬರು ಜೊತೆಗೆ ಹೋದರು. ಇಂಜೆಕ್ಷನ್ ಆದಮೇಲೆ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಬಿಪಿ ಮತ್ತು ಕೈಕಾಲಿನ ಶಕ್ತಿ ನೋಡಬೇಕು. ತಲೆನೋವು, ವಾಂತಿ, ಮಂಪರು ಕಂಡರೆ ರಕ್ತಸ್ರಾವ ಅಂತಲೇ ತಿಳಿಯಬೇಕು. ದಾರಿಯಲ್ಲಿ ಯಾವುದೂ ಆಗಲಿಲ್ಲ. ಸುಧಾರಣೆಯೂ ಕಾಣಲಿಲ್ಲ.

ಮೈಸೂರು ಮುಟ್ಟುವಾಗ 6:42ರಿಂದ ಆರು ಗಂಟೆ ದಾಟಿತ್ತು. ಕೆಲವು ವರ್ಷದ ಹಿಂದೆ ಆಗಿದ್ದರೆ ಇಲ್ಲಿಗೇ ಮುಗಿಯಿತು ಅನ್ನುತ್ತಿದ್ದರು. 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಅದನ್ನು ಬದಲಿಸಿದವು. ಸತ್ತ ಭಾಗ ಚಿಕ್ಕದಾಗಿ, ಉಳಿಸಬಹುದಾದ ಭಾಗ ದೊಡ್ಡದಾಗಿ ಇರುವವರಿಗೆ ಒಂದು ಅಧ್ಯಯನ 16 ಗಂಟೆಯವರೆಗೆ, ಇನ್ನೊಂದು 24 ಗಂಟೆಯವರೆಗೆ ಗಡ್ಡೆ ತೆಗೆದು ಒಳ್ಳೆಯದಾಗುವುದನ್ನು ತೋರಿಸಿದವು. ಇವರಿಗೂ ರಕ್ತದ ಹರಿವು ಅಳೆಯುವ ಸ್ಕ್ಯಾನ್ ಮಾಡಿದರು. ಉಳಿಸುವಂಥದ್ದು ಇನ್ನೂ ಬಹಳ ಇತ್ತು. 13:45ಕ್ಕೆ ಶುರು ಮಾಡಿದರು, 14:30ಕ್ಕೆ ನಾಳ ತೆರೆಯಿತು. ಸಂಜೆಗೆ ಬಲಗಾಲು ಮಡಚಿದರು.

ಖರ್ಚಿನ ಬಗ್ಗೆ ಒಂದು ಮಾತು. ಗಡ್ಡೆ ತೆಗೆಯುವ ಉಪಕರಣಗಳು ಲಕ್ಷದ ಲೆಕ್ಕದಲ್ಲಿ ಇರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್‌ನವರಿಗೆ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಯಾವ ಚಿಕಿತ್ಸೆಗೆ ಎಷ್ಟು ಅಂತ ಆಯಾ ಆಸ್ಪತ್ರೆಯ ಕೌಂಟರಿನಲ್ಲೇ ಕೇಳಬೇಕು. ಇವರ ಮಗ ರೇಷನ್ ಕಾರ್ಡು, ಆಧಾರ್ ಎರಡೂ ಮನೆಯಲ್ಲೇ ಬಿಟ್ಟು ಬಂದಿದ್ದ. ಸೊಸೆ ಅವನ್ನು ಫೋಟೋ ತೆಗೆದು ಕಳಿಸಿದಳು.

ಆಮೇಲಿನ ದಿನಗಳು

24 ಗಂಟೆ ಆದಮೇಲೆ ಮತ್ತೆ ಸಿಟಿ ಮಾಡಿದರು. ಮೆದುಳಿನ ಒಳಭಾಗದಲ್ಲಿ ಒಂದು ಸಣ್ಣ ಜಾಗ ಸತ್ತಿತ್ತು. ರಕ್ತಸ್ರಾವ ಇರಲಿಲ್ಲ. ಈ ಸಿಟಿ ನೋಡುವವರೆಗೂ ಆಸ್ಪಿರಿನ್ ಆಗಲಿ, ರಕ್ತ ತೆಳು ಮಾಡುವ ಬೇರೆ ಔಷಧಿ ಆಗಲಿ ಕೊಡುವುದಿಲ್ಲ.

ಮೂರನೇ ದಿನ ಜ್ವರ ಬಂತು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕಫ ಕಟ್ಟಿತು. ನ್ಯುಮೋನಿಯಾ. ಮನೆಯಲ್ಲಿ ಕುಡಿಸಿದ ಕಾಫಿ ನೆತ್ತಿಗೆ ಹತ್ತಿತ್ತಲ್ಲ, ಅದು ಹೋಗಿದ್ದು ಶ್ವಾಸನಾಳಕ್ಕೆ. ಅದೊಂದೇ ಕಾರಣ ಅಂತ ಆಣೆ ಮಾಡಲಾರೆ, ಯಾಕೆಂದರೆ ಇಂಥವರಿಗೆ ತಮ್ಮ ಎಂಜಲೂ ಒಳಗೆ ಇಳಿಯಬಹುದು. ಆದರೆ ನುಂಗುವ ಶಕ್ತಿ ಹೋಗಿರುವವರ ಬಾಯಿಗೆ ಕಾಫಿ, ನೀರು, ಮಾತ್ರೆ ಯಾವುದು ಹಾಕಿದರೂ ಇದೇ ಅಪಾಯ. ಆಸ್ಪತ್ರೆಯಲ್ಲೂ ಮೊದಲು ಸ್ವಲ್ಪ ಸ್ವಲ್ಪ ನೀರು ಕೊಟ್ಟು ನುಂಗುತ್ತಾರಾ ಅಂತ ಪರೀಕ್ಷೆ ಮಾಡಿಯೇ ಊಟ ಶುರು ಮಾಡುತ್ತೇವೆ. ಇವರಿಗೆ ಐದು ದಿನ ಮೂಗಿನ ಕೊಳವೆಯಲ್ಲೇ ಗಂಜಿ ಹೋಯಿತು. ಆಂಟಿಬಯಾಟಿಕ್ ಕೊಟ್ಟು ಜ್ವರ ಇಳಿಸಿದರು.

ಗಡ್ಡೆ ಎಲ್ಲಿಂದ ಬಂತು? ಇಸಿಜಿಯಲ್ಲಿ ಉತ್ತರ ಇತ್ತು. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್. ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟಿ, ಮೆದುಳಿಗೆ ಹಾರುತ್ತದೆ. ವರ್ಷಗಟ್ಟಲೆ ಹಿಡಿತ ತಪ್ಪಿದ ಬಿಪಿ ಇದಕ್ಕೆ ದೊಡ್ಡ ಕಾರಣ. ನಾಲ್ಕೈದು ತಿಂಗಳಿಂದ "ಎದೆ ಡವಡವ ಅನ್ನುತ್ತೆ" ಅಂತ ಹೇಳುತ್ತಿದ್ದರಂತೆ. ಯಾರೂ ನಾಡಿ ಹಿಡಿದು ನೋಡಿರಲಿಲ್ಲ. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಮೈಟ್ರಲ್ ಕವಾಟ ಕಿರಿದಾಗಿರುವುದು ಕಾಣಲಿಲ್ಲ. ಕಿರಿದಾಗಿದ್ದರೆ ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ವಾರ್ಫರಿನ್ನೇ ಬೇಕಿತ್ತು. ಆರನೇ ದಿನ ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ಅಪಿಕ್ಸಬಾನ್ ಶುರು ಮಾಡಿದರು, ದಿನಕ್ಕೆ ಎರಡು ಸಲ. ಸ್ಟ್ರೋಕ್ ಆದ ಮೊದಲ ದಿನವೇ ಇದನ್ನು ಕೊಟ್ಟರೆ ಸತ್ತ ಭಾಗದಲ್ಲಿ ರಕ್ತ ಒಸರಬಹುದು. ತುಂಬಾ ತಡ ಮಾಡಿದರೆ ಇನ್ನೊಂದು ಗಡ್ಡೆ ಹಾರಬಹುದು. ಹಾನಿ ಎಷ್ಟು ದೊಡ್ಡದು ಅಂತ ನೋಡಿ ದಿನ ಗೊತ್ತು ಮಾಡುತ್ತಾರೆ.

ನಿಮಿಷಗಳು ಎಲ್ಲಿ ಹೋದವು

ಬಾಗಿಲಿಗೆ ಬಂದಾಗಿನಿಂದ ಇಂಜೆಕ್ಷನ್‌ವರೆಗೆ 47 ನಿಮಿಷ. ಒಂದು ಗಂಟೆಯ ಒಳಗೆ ಅನ್ನುವುದು ಸಾಮಾನ್ಯ ಗುರಿ, 30 ನಿಮಿಷಕ್ಕೆ ಇಳಿಸುವುದು ಒಳ್ಳೆ ಆಸ್ಪತ್ರೆಗಳ ಗುರಿ. 47 ಕೆಟ್ಟದ್ದಲ್ಲ. ಆದರೆ ಅದರಲ್ಲಿ ಮೊದಲ 21 ನಿಮಿಷ ನಾವು ಈ ರೋಗಿಗೆ ಇಂಜೆಕ್ಷನ್ ಇಲ್ಲ ಅಂತಲೇ ನಂಬಿಕೊಂಡಿದ್ದೆವು. 6:42 ಅನ್ನುವ ಸಮಯ ಆಂಬುಲೆನ್ಸ್ ಫೋನಿನಲ್ಲೇ ಬಂದಿದ್ದರೆ ಬಾಗಿಲಲ್ಲೇ ಬಿಪಿ ಇಳಿಸಲು ಶುರು ಮಾಡಬಹುದಿತ್ತು.

ಗಂಡ ಸುಳ್ಳು ಹೇಳಲಿಲ್ಲ. ಅವರು ಕೊನೆಯದಾಗಿ ನೋಡಿದ್ದು ರಾತ್ರಿಯೇ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರು ಎಲ್ಲರಿಗಿಂತ ಮೊದಲು ಎದ್ದು, ಎರಡು ಗಂಟೆ ಕೆಲಸ ಮುಗಿಸಿರುತ್ತಾರೆ. ಆ ಎರಡು ಗಂಟೆಯನ್ನು ಮನೆಯವರು ನೋಡಿರುವುದಿಲ್ಲ. ನೋಡಿದವರು ಡೈರಿಯವರು, ಪಕ್ಕದ ಮನೆಯವರು, ಹೂವು ಕೊಯ್ಯುವಾಗ ಮಾತಾಡಿಸಿದವರು, ಬೆಳಿಗ್ಗೆ ಫೋನ್ ಮಾಡಿದ ಮಗಳು. ಬಾಗಿಲಲ್ಲಿ ಕೇಳುವವರು ಗಂಡನನ್ನು ಮಾತ್ರ ಕೇಳಿ ಸುಮ್ಮನಾದರೆ, ಎಷ್ಟೋ ಹೆಂಗಸರ ಸ್ಟ್ರೋಕ್ "ರಾತ್ರಿ ಆಗಿದ್ದು" ಅಂತಲೇ ದಾಖಲಾಗುತ್ತದೆ. ಇದು ನನ್ನನ್ನು ಬಹಳ ಕಾಡಿದ ವಿಷಯ. ಈಗ ನಮ್ಮ ತುರ್ತು ವಿಭಾಗದ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೇವೆ: ಬೆಳಿಗ್ಗೆ ಯಾವ ಕೆಲಸ ಮಾಡಿದ್ದರು, ಯಾರ ಜೊತೆ ಮಾತಾಡಿದ್ದರು, ಫೋನಿನಲ್ಲಿ ಏನಾದರೂ ಸಮಯ ಸಿಗುತ್ತದಾ. ಆ ಸಾಲನ್ನು ಬರೆದುಕೊಟ್ಟದ್ದು ಅದೇ ಸಿಸ್ಟರ್.

ಮನೆಯಲ್ಲಿ ಕಳೆದ 22 ನಿಮಿಷ ಇನ್ನೊಂದು ಲೆಕ್ಕ. ಎಣ್ಣೆ, ಕಾಫಿ, ಪಾರಿವಾಳದ ಚರ್ಚೆ ಆಗುತ್ತಿದ್ದದ್ದು ಆಗಲೇ. ಆಶಾ ಕಾರ್ಯಕರ್ತೆ ಅವತ್ತು ಬೇರೆ ಊರಿಗೆ ಹೋಗಿದ್ದಿದ್ದರೆ ಆ 22 ನಿಮಿಷ ಎರಡು ದಿನ ಆಗುತ್ತಿತ್ತು. ನಾಟಿ ಔಷಧಿ ಮುಗಿಸಿ ಮೂರನೇ ದಿನಕ್ಕೆ ಬರುವ ರೋಗಿಗಳನ್ನು ಈಗಲೂ ನೋಡುತ್ತಿದ್ದೇವೆ. ಅಷ್ಟೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಶುಶ್ರೂಷೆ, ಫಿಸಿಯೋಥೆರಪಿ, ಇನ್ನೊಂದು ಸ್ಟ್ರೋಕ್ ಆಗದ ಹಾಗೆ ಮಾತ್ರೆ.

ಮೂರು ತಿಂಗಳ ಮೇಲೆ

ತಪಾಸಣೆಗೆ ಬಂದಾಗ ತಾವೇ ನಡೆದು ಬಂದರು. ಬಲಗಾಲು ಸ್ವಲ್ಪ ಎಳೆಯುತ್ತದೆ. ಮಾತು ಬಂದಿದೆ. ಹೆಸರುಗಳು ಮಾತ್ರ ಬೇಗ ನಾಲಿಗೆಗೆ ಬರುವುದಿಲ್ಲ, ಮೊಮ್ಮಗಳ ಹೆಸರಿಗೂ ಒಂದು ಕ್ಷಣ ತಡಕಾಡುತ್ತಾರೆ. ಸೀರೆ ತಾವೇ ಉಡುತ್ತಾರೆ, ಅಡುಗೆಗೆ ಕೈ ಹಾಕುತ್ತಾರೆ. ಬಲಗೈ ಬೆರಳುಗಳ ಹಿಡಿತ ಪೂರ್ತಿ ಬಂದಿಲ್ಲ, ಹಾಲು ಕರೆಯಲು ಆಗುವುದಿಲ್ಲ. ಬೆರಳಿಗೆ ವ್ಯಾಯಾಮ ಮುಂದುವರಿಸಿ ಅಂದಿದ್ದೇವೆ. ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಸುಧಾರಣೆ ಆಗುತ್ತದೆ, ಆಮೇಲೂ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ.

ಬಿಪಿ 132/84. ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ, ಸೊಸೆ ಡಬ್ಬಿಯಲ್ಲಿ ದಿನದ ಲೆಕ್ಕ ಹಾಕಿ ಇಡುತ್ತಾಳೆ. ಬಿಪಿ ನಾರ್ಮಲ್ ಬಂದಿರುವುದು ಮಾತ್ರೆಯಿಂದ, ಅದಕ್ಕೇ ನಿಲ್ಲಿಸಬಾರದು ಅಂತ ಈ ಸಲ ಮನೆಯವರೆಲ್ಲರಿಗೂ ಕೂರಿಸಿ ಹೇಳಿದೆವು. ಅಪಿಕ್ಸಬಾನ್ ಒಂದು ಹೊತ್ತು ತಪ್ಪಿದರೂ ರಕ್ಷಣೆ ಬೇಗ ಕಮ್ಮಿ ಆಗುತ್ತದೆ, ಹಲ್ಲು ಕೀಳಿಸುವುದಾದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಂತಲೂ ಹೇಳಿದೆವು.

ಗಂಡ ಬಾಗಿಲ ಹತ್ತಿರ ನಿಂತಿದ್ದರು. "ನಿಮ್ಮದೂ ನೋಡಿಬಿಡೋಣ ಬನ್ನಿ ಯಜಮಾನ್ರೇ" ಅಂತ ಸಿಸ್ಟರ್ ಅವರನ್ನೂ ಕೂರಿಸಿದರು. 172/100. ಇನ್ನೊಂದು ಸಲ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಇಸಿಜಿ ಸರಿ ಇತ್ತು. ಅವರಿಗೂ ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಬರಲು ಹೇಳಿದೆವು.